ಕಿವಿಯ ಯಂತ್ರಕ್ಕೆ ನಾವು ತೆರುವ ಬೆಲೆ

ಕಣ್ಣು ಮಂದವಾದರೆ ನಲವತ್ತು ದಾಟಿದವರೆಲ್ಲರೂ ಸಂಕೋಚವಿಲ್ಲದೆ ಕನ್ನಡಕ ಧರಿಸುತ್ತಾರೆ. ಕಿವಿ ಮಂದವಾದಾಗ ಮಾತ್ರ ನಮ್ಮಲ್ಲಿ ಒಂದು ಬಗೆಯ ಮರೆಮಾಚುವಿಕೆ ಆರಂಭವಾಗುತ್ತದೆ. ಮೊದಲು "ನೀವೇ ಬಾಯಲ್ಲೇ ಮಾತಾಡಿಕೊಳ್ಳುತ್ತೀರಿ" ಎಂದು ಮನೆಯವರ ಮೇಲೆ ಆಕ್ಷೇಪಣೆ. ಅನಂತರ ದೂರದರ್ಶನದ ಧ್ವನಿಯನ್ನು ಏರಿಸುವುದು. ಕಡೆಗೆ ಮದುವೆ ಮುಂಜಿಗಳಿಗೂ ಸಂಘದ ಸಭೆಗಳಿಗೂ ಹೋಗುವುದನ್ನೇ ನಿಲ್ಲಿಸಿಬಿಡುವುದು. ಹೀಗೆ ಹಲವು ವರ್ಷಗಳನ್ನು ಕಳೆದ ಮೇಲೆ ಮಕ್ಕಳ ಒತ್ತಾಯಕ್ಕೆ ಮಣಿದು ಶ್ರವಣಯಂತ್ರದ ಅಂಗಡಿಯ ಮೆಟ್ಟಿಲು ಹತ್ತಿದರೆ, ಅಲ್ಲಿ ಹೇಳುವ ಬೆಲೆ ಕೇಳಿ ಇನ್ನಷ್ಟು ವರ್ಷ ಮೌನವೇ ಲೇಸೆಂದು ಹಿಂದಿರುಗುವವರು ಅನೇಕರು. ಕೊಂಡು ತಂದವರಲ್ಲಿಯೂ ಎಷ್ಟೋ ಮಂದಿಯ ಯಂತ್ರ ಕಿವಿಯಲ್ಲಿರದೆ ಬೀರುವಿನಲ್ಲಿರುತ್ತದೆ.

ಮೂಸಾಪೇಟೆಯಿಂದ ಕೂಕಟ್‌ಪಲ್ಲಿಯ ಮೂಲಕ ಮಿಯಾಪುರಕ್ಕೆ ಸಾಗುವ ಹೆದ್ದಾರಿಯ ಇಕ್ಕೆಲಗಳಲ್ಲಿ ಕನ್ನಡಕದ ಅಂಗಡಿಗಳ ನಡುವೆ ಶ್ರವಣ ಕೇಂದ್ರಗಳ ಫಲಕಗಳೂ ಈಗ ಕಣ್ಣಿಗೆ ಬೀಳುತ್ತವೆ. ಒಂದು ಕಿವಿಗೆ ಹದಿನೈದು ಇಪ್ಪತ್ತು ಸಾವಿರ ರೂಪಾಯಿಗಳಿಂದ ಮೊದಲುಗೊಂಡು ಎರಡು ಲಕ್ಷ, ಅದಕ್ಕೂ ಮೇಲೆ, ಬೆಲೆಗಳಿವೆ. ಹುಣಿಸೆಬೀಜದ ಗಾತ್ರದ ವಸ್ತುವಿಗೆ ಇಷ್ಟು ಹಣವೇಕೆ, ಅದರಲ್ಲಿ ಯಂತ್ರದ ಪಾಲೆಷ್ಟು, ಮಾರುವವನ ಪಾಲೆಷ್ಟು, ಆ ಪಾಲಿಗೆ ಪ್ರತಿಯಾಗಿ ನಮಗೆ ದೊರೆಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಕಿವಿಯ ವಿಷಯ. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಎಲ್ಲ ಧ್ವನಿಗಳೂ ಸಮನಾಗಿ ಕುಗ್ಗುವುದಿಲ್ಲ. ಒಳಕಿವಿಯ ಶಂಖಾಕೃತಿಯ ಸುರುಳಿಯಲ್ಲಿ ತಾರಸ್ಥಾಯಿಯ ಧ್ವನಿಗಳನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಮೊದಲು ಸವೆಯುತ್ತವೆ. ಸ್ವರಾಕ್ಷರಗಳ ಬಲವೆಲ್ಲ ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಅವು ಕೇಳುತ್ತಲೇ ಇರುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳ ಗುರುತು ಮಾತ್ರ ಅಳಿಸಿಹೋಗುತ್ತದೆ; ಸಕಾರದ ಬಲ ಹೆಚ್ಚಾಗಿ 4,000 ಹರ್ಟ್ಸ್‌ಗೂ ಮೇಲಿನದು. 'ಹಾಸು' ಎಂದದ್ದೋ 'ಹಾಕು' ಎಂದದ್ದೋ, 'ಮಾತು' ಎಂದದ್ದೋ 'ಮಾಸು' ಎಂದದ್ದೋ ತಿಳಿಯುವುದಿಲ್ಲ. "ಕೇಳುತ್ತದೆ, ಆದರೆ ಅರ್ಥವಾಗುವುದಿಲ್ಲ" ಎಂದು ಹಿರಿಯರು ಹೇಳುವುದು ಈ ಕಾರಣದಿಂದಲೇ ಹೊರತು ಬುದ್ಧಿ ಮಂಕಾದುದರಿಂದಲ್ಲ. ಬಾಲಾನಗರದ ಕಾರ್ಖಾನೆಗಳಲ್ಲಿ ಲೇತು, ಪ್ರೆಸ್ಸುಗಳ ಪಕ್ಕದಲ್ಲಿ ಮೂವತ್ತು ವರ್ಷ ನಿಂತು ದುಡಿದವರಲ್ಲಿ ಇದರ ಜೊತೆಗೆ ಗದ್ದಲದಿಂದಾದ ಹಾನಿಯೂ ಸೇರಿರುತ್ತದೆ. ಅದು 4,000 ಹರ್ಟ್ಸ್‌ನ ಸುತ್ತಲೇ ಮೊದಲು ಕಾಣಿಸಿಕೊಳ್ಳುವಂಥದು.

ನಾಡು ಬಿಟ್ಟು ಬಂದ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಕಷ್ಟವಿದೆ. ಮಾತೃಭಾಷೆಯಲ್ಲಿ ಅರ್ಧ ಕೇಳಿದರೂ ಉಳಿದರ್ಧವನ್ನು ಮನಸ್ಸು ಊಹಿಸಿ ತುಂಬಿಕೊಳ್ಳುತ್ತದೆ. ನಡುವಯಸ್ಸಿನಲ್ಲಿ ಕಲಿತ ತೆಲುಗಿನಲ್ಲಾಗಲಿ, ಸಂತೆಯ ಉರ್ದುವಿನಲ್ಲಾಗಲಿ ಆ ಊಹೆ ಅಷ್ಟು ಸುಲಭವಾಗಿ ನಡೆಯದು. ಮನೆಯಲ್ಲಿ ಸಲೀಸಾಗಿ ಮಾತಾಡುವ ತಾಯಿ ತರಕಾರಿ ಅಂಗಡಿಯಲ್ಲಿ ತಬ್ಬಿಬ್ಬಾಗುವುದನ್ನು ಕಂಡರೆ ಅದು ಭಾಷೆಯ ತೊಡಕೆಂದು ತಳ್ಳಿಹಾಕದೆ ಒಮ್ಮೆ ಕಿವಿಯನ್ನು ಪರೀಕ್ಷಿಸುವುದು ಒಳ್ಳೆಯದು.

ಇನ್ನು ಬೆಲೆಯ ಮಾತು. ಶ್ರವಣಯಂತ್ರವು ಮೂಲತಃ ಒಂದು ಧ್ವನಿವರ್ಧಕ: ಮೈಕು, ಆಂಪ್ಲಿಫೈಯರ್, ಸ್ಪೀಕರು, ನಡುವೆ ಪುಟ್ಟ ಗಣಕ. ಇದರ ವ್ಯಾಪಾರವೂ ಉನ್ನತ ದರ್ಜೆಯ ಸಂಗೀತ ಯಂತ್ರಗಳ ವ್ಯಾಪಾರದ ದಾಯಾದಿಯೇ. ಲಕ್ಷಾಂತರ ರೂಪಾಯಿಯ ಸ್ಪೀಕರುಗಳನ್ನು ಮಾರುವ ಅಂಗಡಿಯಲ್ಲಿ ನಿಶ್ಶಬ್ದವಾದ ಆಲಿಸುವ ಕೋಣೆ ಇರಬೇಕು, ಮಾದರಿಗಳು ಸಿದ್ಧವಿರಬೇಕು, ತಿಳಿದವನೊಬ್ಬ ಗಂಟೆಗಟ್ಟಲೆ ಗಿರಾಕಿಯೊಡನೆ ಕೂರಬೇಕು. ಇಷ್ಟಾಗಿ ತಿಂಗಳಿಗೆ ಬಿಕರಿಯಾಗುವುದು ಕೆಲವೇ ಜೊತೆ. ಆದಕಾರಣ ಮಾರಾಟ ಬೆಲೆಯಲ್ಲಿ ನೂರಕ್ಕೆ ಸುಮಾರು 40 ಪಾಲು ಅಂಗಡಿಯವನಿಗೆಂಬುದು ಆ ವ್ಯಾಪಾರದಲ್ಲಿ ಬಹುಕಾಲದ ರೂಢಿ. ತಂತಿ, ಕೇಬಲ್ಲುಗಳಲ್ಲಿ ಇನ್ನೂ ಹೆಚ್ಚು. ಶ್ರವಣ ಕೇಂದ್ರದ ಲೆಕ್ಕವೂ ಇದೇ ಜಾಡಿನದು. ವ್ಯತ್ಯಾಸವೇನೆಂದರೆ, ಸ್ಪೀಕರು ಕೊಳ್ಳುವವನಿಗೆ ಒಳ್ಳೆಯ ಕಿವಿಯಿರುತ್ತದೆ, ಮನಸ್ಸಿಗೆ ಒಪ್ಪದಿದ್ದರೆ ಎದ್ದು ಬರುತ್ತಾನೆ. ಶ್ರವಣಯಂತ್ರ ಕೊಳ್ಳುವವನಿಗೆ ಹೋಲಿಸಿ ನೋಡುವ ಸಾಧನವೇ ಕೆಟ್ಟಿರುತ್ತದೆ. ಜೊತೆಗೆ ನಾಚಿಕೆ ಬೇರೆ.

ಇಲ್ಲಿ ಒಂದು ಲೆಕ್ಕವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಇದರಲ್ಲಿ ವಿದ್ಯಾವಂತರೂ ಎಡವುತ್ತಾರೆ. ಕೇವಲ ಉದಾಹರಣೆಗಾಗಿ, ಅಂಗಡಿಯವನಿಗೆ 40,000 ರೂಪಾಯಿಗೆ ಬಿದ್ದ ಯಂತ್ರದ ಪೆಟ್ಟಿಗೆಯ ಮೇಲೆ 1,00,000 ಎಂದು ಮುದ್ರಿತವಾಗಿದೆ ಎಂದಿಟ್ಟುಕೊಳ್ಳೋಣ. ಅಂತರ 60,000. ಇದನ್ನು ಮಾರಾಟ ಬೆಲೆಯ ಮೇಲೆ ಎಣಿಸಿದರೆ ನೂರಕ್ಕೆ 60. ಕೊಂಡ ಬೆಲೆಯ ಮೇಲೆ ಎಣಿಸಿದರೆ ನೂರಕ್ಕೆ 150. ಹಣ ಒಂದೇ, ಅಂಕಿ ಎರಡು. ವ್ಯಾಪಾರಿ ಮೊದಲನೆಯದನ್ನು ಹೇಳುತ್ತಾನೆ, ದೂರುವವನು ಎರಡನೆಯದನ್ನು ಹೇಳುತ್ತಾನೆ. ಈಗ ದೀಪಾವಳಿಗೆಂದು "ನೂರಕ್ಕೆ 30 ರಿಯಾಯಿತಿ" ಎಂದು ಫಲಕ ಹಾಕಿದರೂ ಅವನ ಕೈಯಲ್ಲಿ 30,000 ಉಳಿಯುತ್ತದೆ. ಅದು ಕೊಂಡ ಬೆಲೆಯ ಮುಕ್ಕಾಲು ಭಾಗ. ಮುದ್ರಿತ ಗರಿಷ್ಠ ಬೆಲೆ ಎಂಬುದು ಅದಕ್ಕಿಂತ ಹೆಚ್ಚು ಕೇಳಬಾರದೆಂಬ ಗಡಿ ಮಾತ್ರ. ಆ ಗಡಿಯನ್ನು ಎಲ್ಲಿ ನೆಡಬೇಕೆಂಬುದನ್ನು ತಯಾರಕನೋ ಆಮದುದಾರನೋ ನಿರ್ಧರಿಸುತ್ತಾನಾದ್ದರಿಂದ, ಅದರ ಮೇಲಿನ ರಿಯಾಯಿತಿಯನ್ನು ಕಂಡು ಹಿಗ್ಗುವುದರಲ್ಲಿ ಅರ್ಥವಿಲ್ಲ.

ಹಾಗೆಂದು ಆ 60,000 ರೂಪಾಯಿಯನ್ನೂ ಲಾಭವೆಂದು ತಿಳಿಯುವುದು ಅನ್ಯಾಯ. ಶಬ್ದ ಒಳನುಗ್ಗದ ಪರೀಕ್ಷಾಕೋಣೆ, ಕಾಲಕಾಲಕ್ಕೆ ತಾಳೆ ನೋಡಿಸಬೇಕಾದ ಶ್ರವಣಮಾಪಕ, ಹೆದ್ದಾರಿಯ ಬದಿಯ ಬಾಡಿಗೆ, ಪದವೀಧರ ಶ್ರವಣತಜ್ಞರ ಸಂಬಳ ಇವೆಲ್ಲ ಅದರಿಂದಲೇ ನಡೆಯಬೇಕು. ತಿಂಗಳಿಗೆ ಎರಡು ಲಕ್ಷ ಖರ್ಚಿರುವ ಕೇಂದ್ರ ಹತ್ತೇ ಯಂತ್ರ ಮಾರಿದರೆ ಒಂದೊಂದರ ಮೇಲೂ 20,000 ಖರ್ಚೇ ಬೀಳುತ್ತದೆ. "ಉಚಿತ ಶ್ರವಣ ಪರೀಕ್ಷೆ" ಎಂಬ ಫಲಕವಿದೆಯಲ್ಲ, ಆ ಪರೀಕ್ಷೆಯ ಹಣವನ್ನು ಕಡೆಗೆ ಯಂತ್ರ ಕೊಂಡವನೇ ಕೊಡುತ್ತಾನೆ. ಕೊಳ್ಳದೆ ಹೋದವರ ಪಾಲನ್ನೂ ಅವನೇ ಕೊಡುತ್ತಾನೆ. ಯಂತ್ರದ ಬೆಲೆಯಲ್ಲಿಯೇ ಮುಂದಿನ ನಾಲ್ಕೈದು ವರ್ಷಗಳ ಹೊಂದಾಣಿಕೆ, ಶುಚಿ, ಸಲಹೆ ಎಲ್ಲವನ್ನೂ ಕಟ್ಟಿ ಒಂದೇ ಮೊತ್ತ ಹೇಳುವುದು ಈ ವ್ಯಾಪಾರದ ಪದ್ಧತಿ. ಲೇಖಕನ ಅಭಿಪ್ರಾಯದಲ್ಲಿ ತಕರಾರು ಇರಬೇಕಾದದ್ದು ಅಂತರ ದೊಡ್ಡದೆಂಬುದಕ್ಕಲ್ಲ, ಅದಕ್ಕೆ ಪ್ರತಿಯಾದ ಸೇವೆ ಸಲ್ಲದೆ ಹೋಗುವುದಕ್ಕೆ. ಹಣವನ್ನು ಮೊದಲೇ ಪೂರ್ತಿ ಪಡೆದವನಿಗೆ ಗಿರಾಕಿ ಮೂರನೆಯ ಬಾರಿ ಬಂದಾಗ ಕುರ್ಚಿ ಕೊಡುವ ಉತ್ಸಾಹ ಸಹಜವಾಗಿಯೇ ಕಡಿಮೆ. ಆದುದರಿಂದ ಪರೀಕ್ಷೆಗಿಷ್ಟು, ಯಂತ್ರಕ್ಕಿಷ್ಟು, ಹೊಂದಾಣಿಕೆಗಿಷ್ಟು, ಎಷ್ಟು ಭೇಟಿಗಳು ಉಚಿತ ಎಂದು ಬಿಡಿಸಿ ಬರೆದುಕೊಡುವಂತೆ ಕೇಳುವುದು ತಪ್ಪಲ್ಲ. ಕೆಲವರು ಕೊಡುತ್ತಾರೆ, ಕೆಲವರು ಮುಖ ಗಂಟಿಕ್ಕುತ್ತಾರೆ. ಎರಡೂ ನಮಗೆ ಉಪಯುಕ್ತವಾದ ಉತ್ತರಗಳೇ.

ಸರ್ಕಾರ ಇಂಥ ಅಂತರಗಳಿಗೆ ಕೈಹಾಕಿದ ನಿದರ್ಶನಗಳಿವೆ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟುಗಳಿಗೂ ಅದೇ ವರ್ಷ ಆಗಸ್ಟಿನಲ್ಲಿ ಮಂಡಿ ಕೀಲುಗಳಿಗೂ ಗರಿಷ್ಠ ದರ ಗೊತ್ತುಮಾಡಿತು. 2021ರ ಜುಲೈಯಲ್ಲಿ ರಕ್ತದೊತ್ತಡಮಾಪಕ, ಗ್ಲೂಕೋಮೀಟರ್, ಪಲ್ಸ್ ಆಕ್ಸಿಮೀಟರ್, ನೆಬುಲೈಸರ್, ಡಿಜಿಟಲ್ ಥರ್ಮಾಮೀಟರ್ ಈ ಐದರ ಮೇಲೆ, ವಿತರಕನಿಗೆ ಬಿದ್ದ ಬೆಲೆಯ ನೂರಕ್ಕೆ 70ಕ್ಕಿಂತ ಹೆಚ್ಚು ವ್ಯಾಪಾರದ ಅಂತರ ಇರಬಾರದೆಂದು ವಿಧಿಸಿತು. ಅದಕ್ಕೆ ಮುನ್ನ ಆ ಐದು ಸಾಧನಗಳಲ್ಲಿ ಅಂತರವು ನೂರಕ್ಕೆ 3ರಿಂದ 709ರವರೆಗೆ ಇದ್ದಿತೆಂದು ಸರ್ಕಾರವೇ ಪ್ರಕಟಿಸಿತು. ಆ ಪಟ್ಟಿಯಲ್ಲಿ ಶ್ರವಣಯಂತ್ರವಿರಲಿಲ್ಲ. ಇದ್ದಿದ್ದರೆ, ವಿತರಕನಿಗೆ 40,000ಕ್ಕೆ ಬಿದ್ದ ಯಂತ್ರದ ಮುದ್ರಿತ ಬೆಲೆ 68,000ವನ್ನು ದಾಟುವಂತಿರಲಿಲ್ಲ. ಒಂದು ಅನುಕೂಲ ಮಾತ್ರ ಉಂಟು: 2017ರ ಜುಲೈ 1ರಂದು ಸರಕು ಸೇವಾ ತೆರಿಗೆ ಜಾರಿಯಾದಂದಿನಿಂದ ಶ್ರವಣಯಂತ್ರಕ್ಕೆ ತೆರಿಗೆಯಿಲ್ಲ. ಬಿಲ್ಲಿನಲ್ಲಿ ಯಂತ್ರದ ಮೇಲೆ ಪ್ರತ್ಯೇಕ ತೆರಿಗೆ ಸೇರಿಸಿದ್ದರೆ ಅದೇಕೆಂದು ಕೇಳಬೇಕು.

ಹೊರದೇಶಗಳ ಅನುಭವ ಇಲ್ಲಿ ದಾರಿ ತೋರಿಸುತ್ತದೆ. ಜಗತ್ತಿನ ಶ್ರವಣಯಂತ್ರಗಳ ಬಹುಪಾಲು ಸೊನೋವಾ, ಡೆಮಾಂಟ್, ಡಬ್ಲ್ಯು.ಎಸ್. ಆಡಿಯಾಲಜಿ, ಜಿ.ಎನ್., ಸ್ಟಾರ್ಕಿ ಎಂಬ ಐದು ಕಂಪನಿಗಳದೇ. ಅಂಗಡಿಯಲ್ಲಿ ಕಾಣುವ ಅನೇಕ ಹೆಸರುಗಳು ಇವುಗಳ ಮಕ್ಕಳು ಮೊಮ್ಮಕ್ಕಳು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರಿಂದಲೂ ಪ್ರಜೆಗಳಿಗೆ ಶ್ರವಣಯಂತ್ರವನ್ನು ಉಚಿತವಾಗಿ ಕೊಡುತ್ತಿದೆ. ಇಡೀ ದೇಶಕ್ಕೆ ಒಟ್ಟಾಗಿ ಕೊಳ್ಳುವುದರಿಂದ, ಇವೇ ದೊಡ್ಡ ಕಂಪನಿಗಳ ಯಂತ್ರಗಳು ಅದಕ್ಕೆ ಅಂಗಡಿಯ ಬೆಲೆಯ ಅಲ್ಪಾಂಶಕ್ಕೆ ದೊರೆಯುತ್ತವೆ. ಬಿಡಿಯಾಗಿ ಕೊಳ್ಳುವವನಿಗೂ ಸಗಟಾಗಿ ಕೊಳ್ಳುವವನಿಗೂ ಇರುವ ಈ ವ್ಯತ್ಯಾಸ ಕಂಪನಿಯ ಕಾರ್ಖಾನೆಯಲ್ಲಿ ಹುಟ್ಟಿದ್ದಲ್ಲ, ಕಾರ್ಖಾನೆಯಿಂದ ಕಿವಿಯವರೆಗಿನ ದಾರಿಯಲ್ಲಿ ಹುಟ್ಟಿದ್ದು. ಅಮೆರಿಕದಲ್ಲಿ ಈ ದಾರಿಯನ್ನು ಮೊಟಕುಗೊಳಿಸಲು 2017ರಲ್ಲಿ ಕಾನೂನಾಗಿ, 2022ರ ಅಕ್ಟೋಬರ್ 17ರಿಂದ ವಯಸ್ಕರ ಅಲ್ಪ ಹಾಗೂ ಮಧ್ಯಮ ಶ್ರವಣದೋಷಕ್ಕೆ ವೈದ್ಯರ ಚೀಟಿಯಿಲ್ಲದೆ ಯಂತ್ರ ಮಾರುವುದು ಆರಂಭವಾಯಿತು. 2024ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯ ಸಂಗೀತ ಆಲಿಸುವ ಇಯರ್‌ಫೋನಿಗೇ ಶ್ರವಣಯಂತ್ರವಾಗಿ ವರ್ತಿಸುವ ತಂತ್ರಾಂಶಕ್ಕೆ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅನುಮತಿ ನೀಡಿತು. ಮೇಲೆ ಹೇಳಿದ ದಾಯಾದಿಗಳು ಹೀಗೆ ಒಂದೇ ಮನೆಗೆ ಬಂದಂತಾಯಿತು.

ಹೆಚ್ಚು ಹಣ ಕೊಟ್ಟರೆ ಹೆಚ್ಚು ಕೇಳುತ್ತದೆಯೇ? ಅಂಗಡಿಯಲ್ಲಿ ಬೆಲೆಯ ಏಣಿ 'ಚಾನೆಲ್' ಎಂಬ ಮೆಟ್ಟಿಲುಗಳ ಮೇಲೆ ನಿಂತಿರುತ್ತದೆ: ನಾಲ್ಕು, ಎಂಟು, ಹದಿನಾರು, ಇಪ್ಪತ್ತು. ಧ್ವನಿಯನ್ನು ಎಷ್ಟು ಪಟ್ಟಿಗಳಾಗಿ ಸೀಳಿ ಬೇರೆ ಬೇರೆಯಾಗಿ ಹೆಚ್ಚಿಸಬಹುದು ಎಂಬುದೇ ಇದರ ಅರ್ಥ. ಒಂದೇ ಶ್ರೇಣಿಯ ಅಗ್ಗದ ಹಾಗೂ ತುಟ್ಟಿಯ ಯಂತ್ರಗಳಲ್ಲಿ ಒಳಗಿನ ಯಂತ್ರಾಂಶ ಹೆಚ್ಚಾಗಿ ಒಂದೇ ಆಗಿದ್ದು, ತಂತ್ರಾಂಶದಲ್ಲಿ ಕೆಲವು ಸೌಲಭ್ಯಗಳನ್ನು ತೆರೆದೋ ಮುಚ್ಚಿಯೋ ಬೆಲೆ ಕಟ್ಟುವುದುಂಟು. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು 25 ಮಂದಿ ಹಿರಿಯರಿಗೆ ದುಬಾರಿ ಯಂತ್ರವನ್ನೂ ಸಾಧಾರಣ ಯಂತ್ರವನ್ನೂ ಸರದಿಯಂತೆ ತೊಡಿಸಿ, ಎರಡನ್ನೂ ಸಮಾನ ಎಚ್ಚರಿಕೆಯಿಂದ ಹೊಂದಿಸಿ, ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಎರಡರಿಂದಲೂ ಪ್ರಯೋಜನವಾಯಿತು, ಮಾತನ್ನು ಅರಿಯುವುದರಲ್ಲಿ ದುಬಾರಿಯದು ಮೇಲೆನಿಸಲಿಲ್ಲ. ಚಿಕ್ಕ ಪ್ರಯೋಗವಾದರೂ ಅಂಗಡಿಗೆ ಹೋಗುವ ಮುನ್ನ ನೆನಪಿಡತಕ್ಕದ್ದು. ಗದ್ದಲದಲ್ಲಿ ನಿತ್ಯ ಸಭೆ ನಡೆಸುವವರಿಗೆ ಮೇಲ್ದರ್ಜೆಯ ಸೌಲಭ್ಯಗಳಿಂದ ಕೊಂಚ ಆರಾಮ ದೊರೆಯಬಹುದು. ಮನೆಯಲ್ಲಿ ಇಬ್ಬರು ಮೂವರೊಡನೆ ಮಾತಾಡುತ್ತ, ದೂರದರ್ಶನ ನೋಡುತ್ತ, ಸಂಜೆ ದೇವಸ್ಥಾನಕ್ಕೆ ಹೋಗಿಬರುವ ಎಪ್ಪತ್ತರ ಹಿರಿಯರಿಗೆ ಮಧ್ಯಮ ದರ್ಜೆಯದೇ ಸಾಕು. ಎರಡು ಕಿವಿಗಳೂ ಸಮನಾಗಿ ಮಂದವಾಗಿದ್ದು ಹಣಕ್ಕೆ ಮಿತಿಯಿದ್ದರೆ, ಒಂದೇ ಕಿವಿಗೆ ದುಬಾರಿ ಯಂತ್ರ ಹಾಕುವುದಕ್ಕಿಂತ ಎರಡಕ್ಕೂ ಸಾಧಾರಣ ಯಂತ್ರ ಹಾಕುವುದೇ ಮೇಲು.

ಯಂತ್ರಕ್ಕಿಂತ ಅದರ ಹೊಂದಾಣಿಕೆ ಮುಖ್ಯ ಎಂಬುದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಗಣಕಕ್ಕೆ ಶ್ರವಣನಕ್ಷೆಯನ್ನು ಊಡಿಸಿ ಗುಂಡಿ ಒತ್ತಿದರೆ ಯಂತ್ರ ತಾನೇ ಒಂದು ಅಂದಾಜಿಗೆ ಹೊಂದಿಕೊಳ್ಳುತ್ತದೆ. ಅಷ್ಟಕ್ಕೇ ನಿಲ್ಲಿಸಿ ಕಳುಹಿಸುವವರಿದ್ದಾರೆ. ಆದರೆ ಪ್ರತಿಯೊಬ್ಬರ ಕಿವಿನಾಳದ ಗಾತ್ರ ಬೇರೆ. ಅದೇ ಧ್ವನಿ ಒಬ್ಬರಿಗೆ ಕಡಿಮೆಯಾಗಿ ಇನ್ನೊಬ್ಬರಿಗೆ ಕರ್ಕಶವಾಗಿ ತಲುಪುತ್ತದೆ. ಸಪೂರವಾದ ಮೆದುಕೊಳವೆಯನ್ನು ಕಿವಿನಾಳದೊಳಗಿರಿಸಿ, ತಮಟೆಯ ಬಳಿ ನಿಜವಾಗಿ ತಲುಪಿದ ಧ್ವನಿಯನ್ನು ಅಳೆದು ನೋಡುವ ವಿಧಾನವೊಂದಿದೆ. ಅದರ ಉಪಕರಣ ಅಲ್ಲಿದೆಯೇ, ನಮಗೆ ಅದನ್ನು ಮಾಡುತ್ತಾರೆಯೇ ಎಂಬ ಒಂದೇ ಪ್ರಶ್ನೆಯಿಂದ ಕೇಂದ್ರದ ದರ್ಜೆ ತಿಳಿದುಹೋಗುತ್ತದೆ. ಅದರಂತೆಯೇ ಮಾತಿನ ಪರೀಕ್ಷೆ. ತೆಲುಗು ಅಥವಾ ಇಂಗ್ಲಿಷ್ ಪದಗಳನ್ನು ಹೇಳಿ ಅನುಕರಿಸಲು ಹೇಳಿದರೆ ಕನ್ನಡದ ಅಜ್ಜಿಯ ಅಂಕ ಕಡಿಮೆ ಬರುವುದು ಸಹಜ. ಅದು ಕಿವಿಯ ಅಳತೆಯಾಗದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದಪಟ್ಟಿಗಳನ್ನು ಸಿದ್ಧಪಡಿಸಿದ್ದಾರೆ. ಅಲ್ಲಿ ಕಲಿತ ಶ್ರವಣತಜ್ಞರು ಬೇರೆ ಊರುಗಳಲ್ಲಿಯೂ ಇರುವುದರಿಂದ, ವಿಚಾರಿಸಿದರೆ ಕನ್ನಡ ಬಲ್ಲವರೊಬ್ಬರು ದೊರೆಯುವುದು ಅಸಾಧ್ಯವಲ್ಲ.

1965ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಮಾನಸಗಂಗೋತ್ರಿಯ ಬಳಿಯಿದೆ. ಕೇಂದ್ರ ಸರ್ಕಾರದ ಆರೋಗ್ಯ ಮಂತ್ರಾಲಯದ ಅಧೀನದಲ್ಲಿದ್ದು, ವಿಸ್ತೃತ ಪರೀಕ್ಷೆಯನ್ನು ಅಲ್ಪ ಶುಲ್ಕಕ್ಕೆ ನಡೆಸುತ್ತದೆ. ನಾನಾ ಕಂಪನಿಗಳ ಯಂತ್ರಗಳನ್ನು ರಿಯಾಯಿತಿ ದರದಲ್ಲಿ ಒದಗಿಸುವ ಯೋಜನೆಯೂ ಅಲ್ಲುಂಟು. ಬೇಸಗೆಯಲ್ಲಿ ಊರಿಗೆ ಹೋಗುವವರು ಮೈಸೂರಿನಲ್ಲಿ ಎರಡು ದಿನ ಹೆಚ್ಚು ನಿಂತರೆ ವ್ಯರ್ಥವಾಗದು. ಅಷ್ಟು ದೂರ ಬೇಡವೆನ್ನುವವರಿಗೆ ಕೂಕಟ್‌ಪಲ್ಲಿಯಿಂದ ಬಾಲಾನಗರದ ಮಾರ್ಗವಾಗಿ ಸ್ವಲ್ಪ ಹೊತ್ತಿನ ಪ್ರಯಾಣದಲ್ಲಿ, ಸಿಕಂದರಾಬಾದಿನ ಬೋಯಿನ್‌ಪಲ್ಲಿಯ ಸಮೀಪದ ಮನೋವಿಕಾಸನಗರದಲ್ಲಿ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಕೋಠಿಯಲ್ಲಿ ಸರ್ಕಾರಿ ಕಿವಿ ಮೂಗು ಗಂಟಲು ಆಸ್ಪತ್ರೆಯಿದೆ, ಮಿಯಾಪುರ–ಎಲ್.ಬಿ. ನಗರ ಮೆಟ್ರೋದಲ್ಲಿ ಉಸ್ಮಾನಿಯಾ ವೈದ್ಯಕೀಯ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಕೋಠಿ ಹತ್ತಿರ. ಇಂಥ ಕಡೆ ಸರದಿ ಕಾಯಬೇಕು, ನಿಜ. ಆದರೆ ಅಲ್ಲಿ ಪರೀಕ್ಷೆ ಮಾಡುವವರ ಸಂಬಳ ಯಂತ್ರದ ಬೆಲೆಯ ಮೇಲೆ ನಿಂತಿಲ್ಲ. ಪರೀಕ್ಷೆಯನ್ನು ಅಲ್ಲಿ ಮಾಡಿಸಿ, ನಕ್ಷೆಯನ್ನು ಕೈಯಲ್ಲಿ ಹಿಡಿದು ಖಾಸಗಿ ಕೇಂದ್ರಗಳಲ್ಲಿ ಬೆಲೆ ವಿಚಾರಿಸುವ ಜಾಣ್ಮೆಯನ್ನು ಯಾರೂ ಆಕ್ಷೇಪಿಸಲಾರರು. ಕೇಂದ್ರ ಸರ್ಕಾರದ ನಿವೃತ್ತರಿಗೆ ಸಿ.ಜಿ.ಎಚ್.ಎಸ್. ಯೋಜನೆಯಲ್ಲಿ ಗೊತ್ತಾದ ಮಿತಿಯೊಳಗೆ ಹಣ ಮರಳಿ ದೊರೆಯುತ್ತದೆ. ಸಾರ್ವಜನಿಕ ಉದ್ಯಮಗಳಿಂದ ನಿವೃತ್ತರಾದವರು ತಂತಮ್ಮ ಸಂಸ್ಥೆಯ ವೈದ್ಯಕೀಯ ನಿಯಮಗಳನ್ನು ನೋಡಿಕೊಳ್ಳಬೇಕು. ಆದಾಯ ಕಡಿಮೆಯಿರುವವರಿಗೆ 'ಅಡಿಪ್' ಯೋಜನೆಯಡಿ ಉಚಿತವಾಗಿಯೇ ಕೊಡುವ ವ್ಯವಸ್ಥೆಯಿದೆ.

ಯಂತ್ರಕ್ಕೆ ಮೊದಲು ವೈದ್ಯರು, ಅನಂತರ ವ್ಯಾಪಾರಿ ಎಂಬ ಕ್ರಮ ತಪ್ಪಬಾರದು. ಎಷ್ಟೋ ವೇಳೆ ಗಟ್ಟಿಯಾದ ಗುಗ್ಗೆಯೇ ಕಿವುಡಿಗೆ ಕಾರಣವಾಗಿದ್ದು, ತೆಗೆಸಿದರೆ ಯಂತ್ರದ ಅಗತ್ಯವೇ ಬೀಳದು. ಕಿವಿ ಸೋರುತ್ತಿದ್ದರೆ, ನೋವೋ ತಲೆಸುತ್ತೋ ಇದ್ದರೆ, ಒಂದೇ ಕಿವಿ ಮಂದವಾಗಿದ್ದರೆ ಕಾರಣ ತಿಳಿಯಲೇಬೇಕು. ಒಂದು ಬೆಳಿಗ್ಗೆ ಎದ್ದಾಗ ಒಂದು ಕಿವಿ ಏಕಾಏಕಿ ಕೇಳದಂತಾದರೆ ಅದು ತುರ್ತುಸ್ಥಿತಿ. ಕೆಲವು ದಿನಗಳೊಳಗೆ ಚಿಕಿತ್ಸೆ ಆರಂಭವಾದರೆ ಮರಳುವ ಸಂಭವವಿರುವ ಶ್ರವಣ, ವಾರಗಟ್ಟಲೆ ಕಾದರೆ ಕೈತಪ್ಪಿಹೋಗಬಹುದು. ಕೋಠಿಯ ಗುಜರಾತಿ ಗಲ್ಲಿಯಂಥ ಕಡೆಗಳಲ್ಲಿ ಎಲೆಕ್ಟ್ರಾನಿಕ್ ಸಾಮಾನುಗಳು ಅಗ್ಗವೆಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಸಾವಿರ ರೂಪಾಯಿಯೊಳಗೆ ಎಲ್ಲೆಡೆ ಸಿಗುವ 'ಕಿವಿ ಮಿಷನ್'ಗಳು ಎಲ್ಲ ಧ್ವನಿಯನ್ನೂ ಒಂದೇ ಸಮನೆ ಹೆಚ್ಚಿಸುವುದರಿಂದ, ಬೇಕಾದ ಸಕಾರ ಸಿಗದೆ ಬೇಡದ ಪಾತ್ರೆ ಸದ್ದು ಸಿಡಿಲಿನಂತೆ ಬೀಳುತ್ತದೆ. ಗರಿಷ್ಠ ಧ್ವನಿಗೆ ಮಿತಿಯಿಲ್ಲದಿದ್ದರೆ ಉಳಿದ ಶ್ರವಣಕ್ಕೂ ಅಪಾಯ.

ಇಷ್ಟೆಲ್ಲ ತೊಂದರೆ ಏಕೆ ತೆಗೆದುಕೊಳ್ಳಬೇಕೆಂದು ಕೇಳಬಹುದು. ಮುದುಪಿನಲ್ಲಿ ಮರೆಗುಳಿತನಕ್ಕೆ ದಾರಿಯಾಗುವ, ಆದರೆ ತಡೆಯಬಹುದಾದ ಕಾರಣಗಳಲ್ಲಿ ಶ್ರವಣನಷ್ಟವೂ ಒಂದೆಂದು ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2017ರಿಂದ ಹೇಳುತ್ತ ಬಂದಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ 977 ಮಂದಿಯನ್ನು ಮೂರು ವರ್ಷ ಗಮನಿಸಿದರು. ಎಲ್ಲರನ್ನೂ ಒಟ್ಟಾಗಿ ನೋಡಿದಾಗ ಯಂತ್ರದಿಂದ ಬುದ್ಧಿಶಕ್ತಿಯ ಇಳಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮೊದಲೇ ಹೆಚ್ಚು ಅಪಾಯದಲ್ಲಿದ್ದವರ ಗುಂಪಿನಲ್ಲಿ ಮಾತ್ರ ಇಳಿತ ನೂರಕ್ಕೆ 48ರಷ್ಟು ನಿಧಾನವಾಯಿತು. ಜಾಹೀರಾತುಗಳು ಎರಡನೆಯ ವಾಕ್ಯವನ್ನಷ್ಟೇ ಉದ್ಧರಿಸುತ್ತವೆ. ಮರೆವಿನ ಭಯ ತೋರಿಸಿ ದುಬಾರಿ ಯಂತ್ರ ಮಾರುವವರಿಗೆ ಕಿವಿಗೊಡಬೇಕಾಗಿಲ್ಲ. ಆ ಪ್ರಯೋಗ ಬೆಲೆಗಳನ್ನು ಹೋಲಿಸಿದ್ದಲ್ಲ. ಮೊಮ್ಮಕ್ಕಳ ಮಾತು ಕೇಳುವುದೇ ಸಾಕಷ್ಟು ದೊಡ್ಡ ಕಾರಣ.

ಕೊಳ್ಳುವ ದಿನ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಪರೀಕ್ಷಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ಒಂದೆರಡು ವಾರ ಮನೆಯಲ್ಲಿ ಧರಿಸಿ ನೋಡಿ ಹಿಂದಿರುಗಿಸುವ ಅವಕಾಶವಿದೆಯೇ, ಎಷ್ಟು ಹಣ ಮುರಿದುಕೊಳ್ಳುತ್ತಾರೆ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಹೊಸ ಯಂತ್ರ ಮೊದಲ ವಾರ ಎಲ್ಲರಿಗೂ ಕಿರಿಕಿರಿಯೇ. ಮಿದುಳು ಮರೆತ ಸದ್ದುಗಳಿಗೆ ಮತ್ತೆ ಒಗ್ಗಲು ವಾರಗಳು ಬೇಕು. ಅದುವರೆಗೆ ಎರಡು ಮೂರು ಬಾರಿ ಹೋಗಿ ಸರಿಪಡಿಸಿಕೊಳ್ಳಬೇಕಾಗುತ್ತದೆ. ಆ ಭೇಟಿಗಳಿಗಾಗಿಯೇ ನಾವು ಅಂತರ ತೆತ್ತಿರುವುದು. ಹೀಗಾಗಿ ದೂರದ ಪ್ರಸಿದ್ಧ ಕೇಂದ್ರಕ್ಕಿಂತ, ಆಟೋದಲ್ಲಿ ಹತ್ತು ನಿಮಿಷಕ್ಕೆ ಹೋಗಿಬರಬಹುದಾದ ಪ್ರಾಮಾಣಿಕ ಕೇಂದ್ರ ವಾಸಿ.

ಕಡೆಯದಾಗಿ, ಮಕ್ಕಳ ನೌಕರಿಯೊಡನೆ ಊರೂರು ಬದಲಾಯಿಸುವ ನಮ್ಮ ಹಿರಿಯರು ಅವಶ್ಯವಾಗಿ ಕೇಳಬೇಕಾದದ್ದೊಂದಿದೆ. ಕೆಲವು ಸರಣಿ ಅಂಗಡಿಗಳು ಮಾರುವ ಯಂತ್ರಗಳಿಗೆ ತಂತ್ರಾಂಶದ ಬೀಗವಿರುತ್ತದೆ. ಅವನ್ನು ಆ ಸರಣಿಯ ಶಾಖೆಗಳಲ್ಲದೆ ಬೇರೆಲ್ಲಿಯೂ ಹೊಂದಿಸಲಾಗದು. ಕೂಕಟ್‌ಪಲ್ಲಿಯಲ್ಲಿ ಕೊಂಡದ್ದನ್ನು ಕಲಬುರಗಿಯಲ್ಲೋ ಹುಬ್ಬಳ್ಳಿಯಲ್ಲೋ ಸರಿಪಡಿಸಬಹುದೇ ಎಂದು ಹಣ ಕೊಡುವ ಮುನ್ನವೇ ತಿಳಿಯಬೇಕು. ಬೀರುವಿನಲ್ಲಿ ಬಿದ್ದಿರುವ ಹಳೆಯ ಯಂತ್ರಕ್ಕೂ ಇದೇ ವಿಚಾರಣೆ ಅನ್ವಯಿಸುತ್ತದೆ. ಅದು ಬೀಗವಿಲ್ಲದ ಡಿಜಿಟಲ್ ಯಂತ್ರವಾಗಿದ್ದರೆ, ಹೊಸ ಶ್ರವಣನಕ್ಷೆಯ ಪ್ರಕಾರ ಪುನಃ ಹೊಂದಿಸಿ, ಮೇಣ ತುಂಬಿದ ಕೊಳವೆಯನ್ನು ಬದಲಾಯಿಸಿ, ಕಿವಿಯ ಅಚ್ಚನ್ನು ಹೊಸದಾಗಿ ತೆಗೆಸಿದರೆ ಮತ್ತೆರಡು ವರ್ಷ ದುಡಿಯಬಹುದು. ಆ ಕೆಲಸಕ್ಕೆ ತಗಲುವುದು ಸಾವಿರಗಳ ಲೆಕ್ಕ, ಲಕ್ಷಗಳದಲ್ಲ. ಮಳೆಗಾಲದಲ್ಲಿ ಅದನ್ನು ರಾತ್ರಿ ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿಡಬೇಕು, ಸ್ನಾನಕ್ಕೆ ಹೋಗುವಾಗ ತೆಗೆಯಬೇಕು, ಮೊಮ್ಮಕ್ಕಳ ಕೈಗೆ ಗುಂಡು ಬ್ಯಾಟರಿ ಸಿಗದಂತೆ ನೋಡಿಕೊಳ್ಳಬೇಕು. ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.